ಹಳೆಯ ಪವರ್ ಟಿಲ್ಲರ್: ಆರೈಕೆ ಮತ್ತು ದುರಸ್ತಿ

ಮುಂಗಾರು ಹಿಡಿದು, ಗದ್ದೆಗೆ ನೀರು ಬಂದ ಮೇಲೆ ಪವರ್ ಟಿಲ್ಲರ್ ಕೈಕೊಟ್ಟರೆ ನಷ್ಟವಾಗುವುದು ದುರಸ್ತಿಯ ಹಣವೊಂದೇ ಅಲ್ಲ. ಸಸಿಮಡಿಯಲ್ಲಿ ಬೆಳೆಯುತ್ತಿರುವ ಸಸಿ ಯಂತ್ರಕ್ಕಾಗಿ ಕಾಯುವುದಿಲ್ಲ. ಅಲ್ಪಾವಧಿ ಭತ್ತದ ತಳಿಗಳನ್ನು ಸುಮಾರು 21 ದಿನಗಳಲ್ಲಿ, ದೀರ್ಘಾವಧಿ ತಳಿಗಳನ್ನು 25 ರಿಂದ 30 ದಿನಗಳಲ್ಲಿ ನಾಟಿ ಮಾಡಬೇಕು. ಬಲಿತ ಸಸಿಯನ್ನು ನೆಟ್ಟರೆ ತೆಂಡೆ ಕಡಿಮೆಯಾಗಿ ಇಳುವರಿ ಕುಗ್ಗುತ್ತದೆ. ಆದುದರಿಂದ ಯಂತ್ರದ ಆರೈಕೆಯೂ ಬೇಸಾಯ ಕ್ರಮದ ಒಂದು ಭಾಗವೆಂದೇ ತಿಳಿಯಬೇಕು.

ಜಪಾನಿನ ಸಣ್ಣ ಗದ್ದೆಗಳಲ್ಲಿ ಬಳಕೆಗೆ ಬಂದ ಈ ಯಂತ್ರ 1960ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದಿತು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿ ಸಂಸ್ಥೆಯ ಸಹಯೋಗದಿಂದ ಇದನ್ನು ತಯಾರಿಸತೊಡಗಿತು. ಉಳುಮೆ, ಕೆಸರು ಮಾಡುವುದು, ನೀರೆತ್ತುವುದು, ಗೊಬ್ಬರ ಸಾಗಿಸುವುದು ಹೀಗೆ ಹಲವು ಕೆಲಸಗಳಿಗೆ ಒದಗುವ ಒಂದು ಸಿಲಿಂಡರಿನ, ನೀರಿನಿಂದ ತಂಪಾಗುವ ಡೀಸೆಲ್ ಎಂಜಿನ್ನಿನ ಟಿಲ್ಲರುಗಳು ಹಲವು ವರ್ಷ ದುಡಿದ ಮೇಲೂ ನಮ್ಮ ಹಳ್ಳಿಗಳಲ್ಲಿವೆ. ಅವುಗಳ ಆಯಸ್ಸು ಹೆಚ್ಚಿಸುವ ಕೆಲಸಗಳಲ್ಲಿ ಬಹುಪಾಲನ್ನು ರೈತರೇ ಮಾಡಿಕೊಳ್ಳಬಹುದು.

ಗಾಳಿ ಶೋಧಕ

ಹಳೆಯ ಎಂಜಿನ್ನಿನ ಮೊದಲ ಶತ್ರು ಧೂಳು. ಒಣ ಭೂಮಿಯಲ್ಲಿ ಉಳುವಾಗ ಏಳುವ ನಯವಾದ ಧೂಳು ಒಳಸೇರಿದರೆ ಪಿಸ್ಟನ್ ರಿಂಗನ್ನೂ ಸಿಲಿಂಡರನ್ನೂ ಅರದಂತೆ ಉಜ್ಜುತ್ತದೆ. ಎಣ್ಣೆ ತುಂಬುವ ಬಗೆಯ ಗಾಳಿ ಶೋಧಕವಿದ್ದಲ್ಲಿ, ಒಣ ಉಳುಮೆಯ ದಿನಗಳಲ್ಲಿ ಪ್ರತಿದಿನವೂ ಬಟ್ಟಲನ್ನು ಬಿಚ್ಚಿ ನೋಡಿ. ಎಣ್ಣೆ ಕೆಸರಿನಂತಾಗಿದ್ದರೆ ಚೆಲ್ಲಿ, ಬಟ್ಟಲನ್ನೂ ಜಾಲರಿಯನ್ನೂ ಡೀಸೆಲ್‌ನಿಂದ ತೊಳೆದು, ಹೊಸ ಎಣ್ಣೆಯನ್ನು ಗುರುತಿನವರೆಗೆ ಮಾತ್ರ ತುಂಬಿ. ಗುರುತು ಮೀರಿದರೆ ಎಣ್ಣೆಯು ಗಾಳಿಯೊಡನೆ ಎಂಜಿನ್ನಿನೊಳಕ್ಕೆ ಹೋಗಿ ಉರಿಯುತ್ತದೆ. ಶೋಧಕದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಶೋಧಕವಿದ್ದೂ ಇಲ್ಲದಂತೆಯೇ ಸರಿ.

ಎಂಜಿನ್ ಆಯಿಲ್

ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿದರೆ ಸಾಕೆಂಬ ಭಾವನೆ ಹಲವರಲ್ಲಿದೆ. ಇದು ತಪ್ಪು. ಸಾಮಾನ್ಯವಾಗಿ 100 ಗಂಟೆ ಕೆಲಸಕ್ಕೊಮ್ಮೆ ಆಯಿಲ್ ಬದಲಾಗಬೇಕು; ಕೈಪಿಡಿಯಲ್ಲಿ ಬೇರೆ ಸೂಚನೆಯಿದ್ದರೆ ಅದನ್ನೇ ಪಾಲಿಸಿ. ದಿನಕ್ಕೆ 6 ಗಂಟೆ ದುಡಿಸಿದರೆ 100 ಗಂಟೆ ತುಂಬಲು 17 ದಿನ ಸಾಕು. ಅಂದರೆ ಬಾಡಿಗೆಗೆ ಓಡುವ ಯಂತ್ರಕ್ಕೆ ಒಂದೇ ಹಂಗಾಮಿನಲ್ಲಿ ಎರಡು ಮೂರು ಬಾರಿ ಆಯಿಲ್ ಬದಲಾಯಿಸಬೇಕಾಗಬಹುದು.

ಪ್ರತಿದಿನ ಬೆಳಿಗ್ಗೆ ಯಂತ್ರವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಅಳತೆ ಕಡ್ಡಿಯಿಂದ ಆಯಿಲ್ ಮಟ್ಟ ನೋಡಿ. ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಹಾಕದಿದ್ದರೂ ಮಟ್ಟ ಏರಿ, ಡೀಸೆಲ್ ವಾಸನೆ ಬಂದರೆ ಡೀಸೆಲ್ ಸೋರಿ ಬೆರೆಯುತ್ತಿದೆ. ಇವೆರಡರಲ್ಲಿ ಯಾವುದು ಕಂಡರೂ ಕಾರಣ ತಿಳಿಯುವವರೆಗೆ ಎಂಜಿನ್ ನಡೆಸಬಾರದು.

ನೀರು ಮತ್ತು ಡೀಸೆಲ್

ತಂಪಿಗೆ ಹಾಕುವ ನೀರು ಶುದ್ಧವಾಗಿರಲಿ. ಗಡಸು ನೀರಿನಿಂದ ಒಳಗೋಡೆಗೆ ಸುಣ್ಣದ ಪದರ ಕಟ್ಟಿ ಎಂಜಿನ್ ಕಾಯುತ್ತದೆ. ಸಾಧ್ಯವಿದ್ದಲ್ಲಿ ಮಳೆನೀರನ್ನು ಶೇಖರಿಸಿ ಬಳಸಿ. ನೀರು ಬತ್ತಿ ಎಂಜಿನ್ ಅತಿಯಾಗಿ ಕಾದಾಗ ಕೂಡಲೇ ತಣ್ಣೀರು ಸುರಿಯಬೇಡಿ. ಕಾದ ಕಬ್ಬಿಣ ಸೀಳುವ ಸಂಭವವಿದೆ. ಎಂಜಿನ್ ತಾನಾಗಿ ತಣಿದ ಮೇಲೆ ನಿಧಾನವಾಗಿ ತುಂಬಿ.

ಡೀಸೆಲನ್ನು ಸೋಸಿಯೇ ಹಾಕಿ. ಸಂಜೆ ಕೆಲಸ ಮುಗಿದೊಡನೆ ಟ್ಯಾಂಕು ತುಂಬಿಸಿಡುವುದು ಉತ್ತಮ. ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ನೀರಾಗಿ ತಳ ಸೇರುತ್ತದೆ.

ಎಂಜಿನ್ ಶುರುವಾಗದಿದ್ದರೆ

ಕಂಡದ್ದನ್ನೆಲ್ಲ ಬಿಚ್ಚಬೇಡಿ. ಕೆಳಗಿನ ಕ್ರಮದಲ್ಲಿ ಪರೀಕ್ಷಿಸಿ.

1. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ನಲ್ಲಿ ತೆರೆದಿದೆಯೇ ನೋಡಿ.

2. ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿ. ಇಂಜೆಕ್ಟರಿನಿಂದ 'ಕಿರ್' ಎಂಬ ಸದ್ದು ಬಂದರೆ ಡೀಸೆಲ್ ತಲಪುತ್ತಿದೆ. ಬಾರದಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಡೀಸೆಲ್ ಫಿಲ್ಟರಿನ ಗಾಳಿ ತಿರುಪನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿಮಾಡಿ. ಬಳಿಕ ಪಂಪಿನಲ್ಲಿಯೂ ಹೀಗೆಯೇ ಮಾಡಿ. ಇಂಜೆಕ್ಟರ್ ಚಿಮ್ಮುವ ಡೀಸೆಲಿಗೆ ಕೈಯೊಡ್ಡಬೇಡಿ. ಅದು ಚರ್ಮವನ್ನು ತೂರಿ ಒಳಹೋಗುವಷ್ಟು ರಭಸವಾಗಿರುತ್ತದೆ.

3. ಡೀಸೆಲ್ ಸರಿಯಾಗಿದ್ದರೆ ಒತ್ತಡ ನೋಡಿ. ಲಿವರ್ ಬಿಟ್ಟು ನಿಧಾನವಾಗಿ ತಿರುಗಿಸಿದಾಗ ಹ್ಯಾಂಡಲ್ ಬಿಗಿಯಾಗಿ ತಡೆಯಬೇಕು. ಸಲೀಸಾಗಿ ತಿರುಗಿದರೆ ಒತ್ತಡ ಸೋರುತ್ತಿದೆ. ಗಾಳಿ ಒಳಹೋಗುವ ದಾರಿಯಲ್ಲಿ ಒಂದೆರಡು ಚಮಚ ಎಂಜಿನ್ ಆಯಿಲ್ ಹಾಕಿ, ಡೀಸೆಲ್ ನಿಲ್ಲಿಸಿ ಕೆಲವು ಸುತ್ತು ತಿರುಗಿಸಿದಾಗ ಬಿಗಿ ಹೆಚ್ಚಿದರೆ ರಿಂಗು ಸವೆದಿರುವ ಸಂಭವ ಹೆಚ್ಚು. ಹೆಚ್ಚದಿದ್ದರೆ ವಾಲ್ವನ್ನು ಸಂಶಯಿಸಬೇಕು. ಇವೆರಡೂ ನುರಿತ ಮೆಕ್ಯಾನಿಕ್‌ನ ಕೆಲಸ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಯೇ ಇರಲಿ. ಎಂಜಿನ್ ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯಬಹುದು.

ಹೊಗೆಯ ಬಣ್ಣವೂ ರೋಗ ಹೇಳುತ್ತದೆ. ಕಪ್ಪು ಹೊಗೆ ಬಂದರೆ ಹೊರೆ ಹೆಚ್ಚಾಗಿದೆ, ಗಾಳಿ ಶೋಧಕ ಕಟ್ಟಿದೆ ಅಥವಾ ಇಂಜೆಕ್ಟರ್ ಕೆಟ್ಟಿದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲಿನಲ್ಲಿ ನೀರಿದೆ ಅಥವಾ ಒತ್ತಡ ಸಾಲದು.

ಬೆಲ್ಟು ಮತ್ತು ರೋಟರಿ

ಬೆಲ್ಟಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 1.5 ರಿಂದ 2 ಸೆಂ.ಮೀ. ತಗ್ಗಬೇಕು. ಸಡಿಲವಾದರೆ ಜಾರಿ ಸುಡುತ್ತದೆ; ಅತಿ ಬಿಗಿಯಾದರೆ ಬೇರಿಂಗ್ ಹಾಳಾಗುತ್ತದೆ. ಒಂದು ಬೆಲ್ಟು ಹರಿದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಹೊಸದು ಹಳೆಯದು ಬೆರೆತರೆ ಹೊರೆಯೆಲ್ಲ ಹೊಸದರ ಮೇಲೇ ಬೀಳುತ್ತದೆ.

ಕೆಸರು ಮಾಡುವ ಯಂತ್ರಗಳಲ್ಲಿ ಹೆಚ್ಚು ಖರ್ಚು ತರುವ ದೋಷ ಆಯಿಲ್ ಸೀಲಿನದು. ಹುಲ್ಲು, ದಾರ, ತಂತಿ ರೋಟರಿ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕೊಯ್ಯುತ್ತವೆ. ಆಗ ಕೆಸರು ನೀರು ಒಳನುಗ್ಗಿ ಗೇರು, ಬೇರಿಂಗುಗಳನ್ನು ತಿನ್ನುತ್ತದೆ. ಪ್ರತಿ ಸಂಜೆ ಎಂಜಿನ್ ನಿಲ್ಲಿಸಿ ಸುತ್ತಿದ್ದೆಲ್ಲವನ್ನೂ ಕತ್ತರಿಸಿ ತೆಗೆಯಿರಿ. ವಾರಕ್ಕೊಮ್ಮೆ, ಯಂತ್ರ ರಾತ್ರಿಯೆಲ್ಲ ನಿಂತ ಮೇಲೆ, ರೋಟರಿ ಪೆಟ್ಟಿಗೆಯ ತಳದ ಬಿರಡೆಯನ್ನು ತುಸು ಸಡಿಲಿಸಿ. ನೀರು ಎಣ್ಣೆಗಿಂತ ಭಾರವಾದುದರಿಂದ ತಳಕ್ಕಿಳಿದಿರುತ್ತದೆ. ಮೊದಲು ನೀರು ಬಂದರೆ ಸೀಲು ಹೋಗಿದೆ. ಅಂದೇ ಬದಲಾಯಿಸಿದರೆ ಸೀಲಿನ ಬೆಲೆಯಲ್ಲಿ ಮುಗಿಯುತ್ತದೆ. ಬಿಟ್ಟರೆ ಗೇರುಪೆಟ್ಟಿಗೆಯನ್ನೇ ಕಟ್ಟಿಸಬೇಕಾಗುತ್ತದೆ.

ಬ್ಲೇಡುಗಳಲ್ಲಿ ಎಡಕ್ಕೆ ಬಾಗಿದವು, ಬಲಕ್ಕೆ ಬಾಗಿದವು ಎಂದು ಎರಡು ಬಗೆ. ಬಿಚ್ಚುವ ಮುನ್ನ ಜೋಡಣೆಯನ್ನು ಗುರುತು ಮಾಡಿಕೊಳ್ಳಿ. ತಪ್ಪಾಗಿ ಜೋಡಿಸಿದರೆ ಯಂತ್ರ ಕುಲುಕುತ್ತದೆ, ಮಣ್ಣು ಒಂದೇ ಕಡೆ ರಾಶಿಯಾಗುತ್ತದೆ.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಇಳಿಜಾರಿನಲ್ಲಿ ಸ್ಟೀರಿಂಗ್ ಕ್ಲಚ್ಚು ವಿರುದ್ಧವಾಗಿ ವರ್ತಿಸುತ್ತದೆ. ಸಮತಟ್ಟಿನಲ್ಲಿ ಎಡ ಕ್ಲಚ್ಚು ಹಿಡಿದರೆ ಯಂತ್ರ ಎಡಕ್ಕೆ ತಿರುಗುತ್ತದೆ. ಇಳಿಯುವಾಗ ಎಂಜಿನ್ನೇ ಚಕ್ರಗಳನ್ನು ತಡೆದು ಹಿಡಿದಿರುತ್ತದೆ. ಎಡ ಕ್ಲಚ್ಚು ಹಿಡಿದರೆ ಎಡ ಚಕ್ರ ಬಿಡುಗಡೆಯಾಗಿ ಮುಂದೆ ಓಡಿ ಯಂತ್ರ ಬಲಕ್ಕೆ ಹೊರಳುತ್ತದೆ. ಟ್ರೇಲರ್ ಹೂಡಿ ಕೆರೆ ಏರಿಯಿಂದ ಇಳಿಯುವಾಗ ಇದನ್ನು ಮರೆತರೆ ಅನಾಹುತ ಖಂಡಿತ. ಕಡಿಮೆ ಗೇರಿನಲ್ಲಿ, ಸ್ಟೀರಿಂಗ್ ಕ್ಲಚ್ಚು ಮುಟ್ಟದೆ, ಹಿಡಿಯ ಬಲದಿಂದಲೇ ತಿರುಗಿಸಿ ನಿಧಾನವಾಗಿ ಇಳಿಯಿರಿ.

ರೋಟರಿ ತಿರುಗುತ್ತಿರುವಾಗ ಹಿಂದಕ್ಕೆ ಚಲಿಸಬಾರದು. ಹಳೆಯ ಯಂತ್ರಗಳಲ್ಲಿ ಕಳಚಿಟ್ಟಿರುವ ರೋಟರಿ ಮುಚ್ಚಳ ಮತ್ತು ಬೆಲ್ಟಿನ ಕವಚಗಳನ್ನು ಮರಳಿ ಹಾಕಿಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಹಂಗಾಮು ಮುಗಿದ ಮೇಲೆ

ಯಂತ್ರವನ್ನು ತೊಳೆದು ಒಣಗಿಸಿ, ಎಂಜಿನ್ ಆಯಿಲ್ ಬದಲಾಯಿಸಿ, ತಂಪಿನ ನೀರನ್ನು ಪೂರ್ತಿ ಬಸಿಯಿರಿ. ಬ್ಲೇಡುಗಳಿಗೆ ಎಣ್ಣೆ ಸವರಿ. ಹ್ಯಾಂಡಲ್ ಬಿಗಿಯಾಗುವ ಹಂತಕ್ಕೆ ತಂದು ನಿಲ್ಲಿಸಿದರೆ ಎರಡೂ ವಾಲ್ವು ಮುಚ್ಚಿಕೊಂಡು ತೇವ ಒಳಹೋಗದು. ಟೈರುಗಳ ಮೇಲಿನ ಭಾರ ತಪ್ಪಿಸಲು ಮರದ ದಿಮ್ಮಿ ಕೊಡಿ. ಹೊಗೆ ಕೊಳವೆಯ ಬಾಯಿ ಮುಚ್ಚಿ. ಇಲಿ ಗೂಡು ಕಟ್ಟುವುದು ತಪ್ಪುತ್ತದೆ.

ಒಂದು ನೋಟುಪುಸ್ತಕದಲ್ಲಿ ದಿನಾಂಕ, ನಡೆಸಿದ ಗಂಟೆ, ಹಾಕಿದ ಆಯಿಲ್, ದುರಸ್ತಿಯ ಖರ್ಚು ಬರೆದಿಡಿ. ಆಯಿಲ್ ಬದಲಿಸುವ ಹೊತ್ತು ಬಂದಿತೇ ಎಂಬುದೂ, ಹಳೆಯ ಯಂತ್ರಕ್ಕೆ ಇನ್ನೂ ಹಣ ಸುರಿಯುವುದು ಲಾಭವೇ ಎಂಬುದೂ ಆ ಲೆಕ್ಕದಿಂದಲೇ ತಿಳಿಯುತ್ತದೆ. ದೊಡ್ಡ ದುರಸ್ತಿಯನ್ನು ಬೇಸಿಗೆಯಲ್ಲೇ ಮುಗಿಸಿ, ಬೀಜ ಬಿತ್ತಿ ಸಸಿಮಡಿ ಮಾಡುವ ದಿನದೊಳಗೆ ಟಿಲ್ಲರನ್ನು ಒಂದು ಗಂಟೆ ನಡೆಸಿ ನೋಡಿಕೊಳ್ಳಿ.