ನಿಸಿಹಿ, ಆಸಿಹಿ, ನಿಸಿಧಿ: ಒಂದು ಶಬ್ದವಿಚಾರ

ಬಸದಿಯ ಹೊಸ್ತಿಲನ್ನು ದಾಟುವಾಗ ಶ್ರಾವಕರು ‘ನಿಸ್ಸಹಿ, ನಿಸ್ಸಹಿ, ನಿಸ್ಸಹಿ’ ಎಂದು ಮೂರು ಸಲ ಉಚ್ಚರಿಸುವ ರೂಢಿ ಎಲ್ಲರಿಗೂ ವಿದಿತವೇ ಆಗಿದೆ. ಆದರೆ ಇದರ ಅರ್ಥವನ್ನು ವಿಚಾರಿಸಿದರೆ ಉತ್ತರಗಳು ಒಂದೇ ತೆರನಾಗಿ ಬರುವುದಿಲ್ಲ. ಕ್ಷೇತ್ರದಲ್ಲಿ ನೆಲಸಿರುವ ದೇವತೆಗಳ ಅಪ್ಪಣೆಯನ್ನು ಬೇಡುವ ಮಾತು ಎಂದು ಕೆಲವರು, ಲೌಕಿಕ ವ್ಯಾಪಾರವನ್ನು ತ್ಯಜಿಸುವ ಸಂಕಲ್ಪ ಎಂದು ಕೆಲವರು ಹೇಳುತ್ತಾರೆ. ಶಬ್ದದ ರೂಪವೂ ಗ್ರಂಥದಿಂದ ಗ್ರಂಥಕ್ಕೆ ಬೇರೆಯಾಗುತ್ತದೆ. ಪ್ರತಿಗಳನ್ನು ಸಂಪಾದಿಸುವವರಿಗೆ ಈ ರೂಪಭೇದಗಳ ಅರಿವು ಅವಶ್ಯಕವಾದುದರಿಂದ ಅವುಗಳನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ಈ ಮಾತು ಮೂಲತಃ ಮುನಿಗಳ ಆಚಾರಕ್ಕೆ ಸೇರಿದುದು. ವಟ್ಟಕೇರಾಚಾರ್ಯರ ‘ಮೂಲಾಚಾರ’ದಲ್ಲಿ ಇಚ್ಛಾಕಾರ, ಮಿಥ್ಯಾಕಾರ, ತಥಾಕಾರ ಮೊದಲಾಗಿ ಹತ್ತು ಬಗೆಯ ಸಮಾಚಾರಗಳನ್ನು ಹೇಳಿದೆ. ಅವುಗಳಲ್ಲಿ ಆಸಿಕಾ, ನಿಷೇಧಿಕಾ ಎಂಬ ಎರಡು ಜೋಡಿಯಾಗಿವೆ. ವಸತಿ, ಗುಹೆ ಮೊದಲಾದ ಸ್ಥಳವನ್ನು ಹೊಗುವಾಗ ನಿಸಿಹಿ, ಅಲ್ಲಿಂದ ಹೊರಡುವಾಗ ಆಸಿಹಿ. ಶ್ವೇತಾಂಬರರ ‘ಉತ್ತರಾಧ್ಯಯನ ಸೂತ್ರ’ದ 26ನೆಯ ಅಧ್ಯಯನದಲ್ಲಿಯೂ ಹತ್ತು ಸಾಮಾಚಾರಿಗಳ ನಡುವೆ ಆವಸ್ಸಿಯಾ, ನಿಸೀಹಿಯಾ ಎಂಬ ಇದೇ ಜೋಡಿ ಇದೆ. ಉಭಯ ಸಂಪ್ರದಾಯಗಳಿಗೂ ಸಮಾನವಾಗಿರುವ ಈ ಮಾತು ಸಂಪ್ರದಾಯಭೇದಕ್ಕಿಂತ ಹಳೆಯದೆಂದು ಊಹಿಸಲು ಅವಕಾಶವಿದೆ. ಆವಸ್ಸಿಯಾ ಎಂಬುದು ‘ಆವಶ್ಯಕೀ’ ಶಬ್ದದ ಪ್ರಾಕೃತ ರೂಪ. ಅವಶ್ಯಕಾರ್ಯವಿದ್ದಾಗ ಮಾತ್ರ ಹೊರಡುತ್ತೇನೆ ಎಂಬುದು ಅದರ ಭಾವ.

ನಿಸೀಹಿಯಾ ಶಬ್ದಕ್ಕೆ ಎರಡು ವ್ಯುತ್ಪತ್ತಿಗಳನ್ನು ಹೇಳಲು ಸಾಧ್ಯ. ‘ನಿ’ ಉಪಸರ್ಗಪೂರ್ವಕವಾದ ‘ಸಿಧ್’ ಧಾತುವಿನಿಂದ ನಿಷ್ಪನ್ನವೆಂದರೆ ಅದು ನಿಷೇಧಿಕಾ, ಅಂದರೆ ಪಾಪವ್ಯಾಪಾರದ ನಿಷೇಧ. ‘ಸದ್’ ಧಾತುವಿನಿಂದ ನಿಷ್ಪನ್ನವೆಂದರೆ ಅದು ನಿಷದ್ಯೆ, ಅಂದರೆ ಕುಳಿತುಕೊಳ್ಳುವಿಕೆ ಅಥವಾ ಕುಳಿತುಕೊಳ್ಳುವ ಸ್ಥಳ. ಪ್ರಾಕೃತದಲ್ಲಿ ಧಕಾರವು ಹಕಾರವಾಗುವುದು ಸಾಮಾನ್ಯವಾದುದರಿಂದ ಉಚ್ಚಾರದ ಮಾತಿಗೆ ಮೊದಲನೆಯ ವ್ಯುತ್ಪತ್ತಿ ಸಲ್ಲುತ್ತದೆ. ಶ್ವೇತಾಂಬರರು ಮಂದಿರದ ದ್ವಾರದಲ್ಲಿ, ಗರ್ಭಗೃಹದ ಪ್ರವೇಶದಲ್ಲಿ, ಚೈತ್ಯವಂದನೆಯ ಆರಂಭದಲ್ಲಿ ನಿಸೀಹಿಯನ್ನು ಹೇಳಿ ಕ್ರಮವಾಗಿ ಲೌಕಿಕ ಕಾರ್ಯ, ಮಂದಿರದ ಕಾರ್ಯ, ದ್ರವ್ಯಪೂಜೆ ಇವುಗಳನ್ನು ಬಿಡುವುದೂ ಈ ಅರ್ಥವನ್ನೇ ಪುಷ್ಟೀಕರಿಸುತ್ತದೆ.

ಸ್ಥಳವಾಚಕವಾದ ಎರಡನೆಯ ಅರ್ಥಕ್ಕೆ ಶಾಸನಗಳ ಆಧಾರವಿದೆ. ಅಶೋಕನ ಮೊಮ್ಮಗನಾದ ದಶರಥನು ನಾಗಾರ್ಜುನಿ ಬೆಟ್ಟದ ಗುಹೆಗಳನ್ನು ಆಜೀವಿಕರಿಗೆ ವರ್ಷಾವಾಸಕ್ಕಾಗಿ ಕೊಟ್ಟ ಶಾಸನಗಳಲ್ಲಿ ‘ನಿಷಿದಿಯಾ’ ಶಬ್ದವಿದೆ. ಖಾರವೇಲನ ಹಾಥಿಗುಂಫಾ ಶಾಸನದಲ್ಲಿಯೂ ‘ನಿಸೀದಿಯಾ’ ಎಂದಿದೆ. ಎರಡರಲ್ಲಿಯೂ ದಕಾರವಿರುವುದು ಗಮನಾರ್ಹ. ಕನ್ನಡ ನಾಡಿನಲ್ಲಿ ಇದೇ ಶಬ್ದವು ನಿಸಿದಿ, ನಿಸಿಧಿ, ನಿಸಿದಿಗೆ, ನಿಷಿಧಿಗೆ ಎಂಬ ರೂಪಗಳಲ್ಲಿ ಸಮಾಧಿಮರಣವನ್ನು ಹೊಂದಿದವರ ಸ್ಮಾರಕವನ್ನು ಸೂಚಿಸಿತು. 1123ರಲ್ಲಿ ಶುಭಚಂದ್ರ ಸಿದ್ಧಾಂತದೇವರು ಮುಡಿಪಿದಾಗ ಅವರ ಶಿಷ್ಯನಾದ ದಂಡನಾಯಕ ಗಂಗರಾಜನು ಶ್ರವಣಬೆಳಗೊಳದಲ್ಲಿ ನಿಷಿಧಿಗೆಯನ್ನು ನಿಲ್ಲಿಸಿದನು. ರಾಜಸ್ಥಾನದ ಜೈನರು ಕೆಲವು ಮಂದಿರಗಳನ್ನು ‘ನಸಿಯಾ’ ಎಂದು ಕರೆಯುವುದೂ ಈ ಶಬ್ದದಿಂದಲೇ; ಅಜ್ಮೀರದ ಸೋನಿಜೀ ನಸಿಯಾ ಇದಕ್ಕೆ ಪ್ರಸಿದ್ಧ ಉದಾಹರಣೆ.

ಹೀಗೆ ಪ್ರಾಕೃತದಲ್ಲಿ ಎರಡು ಧಾತುಗಳ ರೂಪಗಳು ಒಂದರೊಡನೊಂದು ಬೆರೆತಿವೆ. ಈ ಸಂದರ್ಭದಲ್ಲಿ ಲಿಪಿಯ ಸಮಸ್ಯೆಯೂ ಸೇರಿಕೊಳ್ಳುತ್ತದೆ. ಕನ್ನಡ ಲಿಪಿಯ ಪ್ರಾಕೃತ ಓಲೆಗಳಲ್ಲಿ ದ್ವಿತ್ವವನ್ನು ಸೂಚಿಸಲು ಅಕ್ಷರದ ಹಿಂದೆ ಬಿಂದುವನ್ನಿಡುವ ರೂಢಿಯುಂಟು. ಅದನ್ನರಿಯದ ಓದುಗನು ‘ಣಿಸ್ಸಿಹಿ’ ಎಂದು ಓದಬೇಕಾದುದನ್ನು ‘ಣಿಂಸಿಹಿ’ ಎಂದು ಓದಿಯಾನು. ದಕಾರ ಧಕಾರಗಳ ಭೇದವೂ ಓಲೆಗಳಲ್ಲಿ ಅನೇಕ ವೇಳೆ ಅಸ್ಪಷ್ಟವಾಗಿರುತ್ತದೆ. ಮುದ್ರಿತ ಪೂಜಾಪುಸ್ತಕಗಳಲ್ಲಿ ಕಾಣುವ ‘ನಿಃಸಹಿ’ ಎಂಬ ವಿಸರ್ಗಸಹಿತ ರೂಪವಾದರೋ ಸಂಸ್ಕೃತವೆಂದು ತೋರುವಂತೆ ತಿದ್ದಿದುದು. ಅದನ್ನು ನಂಬಿ ‘ಸಹ್’ ಧಾತುವಿನಲ್ಲಿ ಅರ್ಥವನ್ನು ಅರಸಿದರೆ ಮಾತಿನ ಮೂಲವೇ ತಪ್ಪಿಹೋಗುತ್ತದೆ.

ಆದರೆ ‘ನಿಸಹಿ’ ಎಂಬ ರೂಪವನ್ನು ಅರ್ವಾಚೀನವೆಂದು ತಳ್ಳಿಹಾಕುವಂತಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಅನಗಾರಧರ್ಮಾಮೃತ’ದಲ್ಲಿ ನಿಸಹೀ, ಅಸಹೀ ಎಂಬ ರೂಪಗಳನ್ನೇ ಬಳಸಿದ್ದಾರೆ. ಮುನಿಯು ವಸತಿಯನ್ನು ಹೊಗುವಾಗಲೂ ಬಿಡುವಾಗಲೂ ಅಲ್ಲಿರುವ ಭೂತಾದಿಗಳನ್ನು ಈ ಮಾತುಗಳಿಂದ ಕೇಳಿಕೊಳ್ಳಬೇಕೆಂಬ ವಿಧಿಯೂ ಅಲ್ಲಿದೆ. ಆದುದರಿಂದ ಅಪ್ಪಣೆಯ ಅರ್ಥವನ್ನು ಹೇಳುವವರ ಮಾತಿಗೂ ಶಾಸ್ತ್ರಾಧಾರವಿದೆ. ಸಂಪಾದಕನು ಇವೆಲ್ಲವನ್ನೂ ಒಂದೇ ‘ಶುದ್ಧ’ ರೂಪಕ್ಕೆ ತಿದ್ದಬಾರದು. ಪ್ರತಿಯಲ್ಲಿದ್ದ ರೂಪವನ್ನು ಇದ್ದಂತೆಯೇ ಕೊಟ್ಟು ಪಾಠಾಂತರಗಳನ್ನು ಗುರುತಿಸಬೇಕು. ತಿದ್ದಿದರೆ ಆ ಪ್ರತಿಯು ಯಾವ ಅರ್ಥಪರಂಪರೆಗೆ ಸೇರಿದುದೆಂಬ ಸಾಕ್ಷ್ಯವೇ ಅಳಿದುಹೋಗುತ್ತದೆ.

ಆಶಾಧರರು ಅಲ್ಲಿಯೇ ಮತ್ತೊಂದು ಮಾತನ್ನು ಸೇರಿಸಿದ್ದಾರೆ. ಆತ್ಮದಲ್ಲಿ ಆತ್ಮವನ್ನು ನೆಲೆಗೊಳಿಸಿದವನಿಗೆ ಮಾತ್ರ ನಿಸಹಿಯೂ, ಆಶೆಯನ್ನು ಬಿಟ್ಟವನಿಗೆ ಮಾತ್ರ ಅಸಹಿಯೂ ನಿಜವಾದುವು. ಉಳಿದವರಿಗೆ ಅವು ಬರಿಯ ಉಚ್ಚಾರಣೆ ಎಂಬುದು ಅದರ ತಾತ್ಪರ್ಯ. ಮೊದಲನೆಯದರಲ್ಲಿ ನೆಲೆಸುವಿಕೆಯ ಅರ್ಥವನ್ನೂ ಎರಡನೆಯದರಲ್ಲಿ ತ್ಯಾಗದ ಅರ್ಥವನ್ನೂ ಅವರು ಕಂಡಿದ್ದಾರೆ. ದಿನವೂ ಹೊಸ್ತಿಲಿನಲ್ಲಿ ಈ ಮಾತನ್ನಾಡುವ ನಮಗೆ ಶಬ್ದದ ಮೂಲದಷ್ಟೇ ಈ ವಿವರಣೆಯೂ ಮನನೀಯವಾಗಿದೆ.