ಮೂಗಿನೊಳಗಿನ ಹುಣಸೆ ಬೀಜ

ಬಳ್ಳಾರಿಯ ಕಿವಿ, ಮೂಗು, ಗಂಟಲು ವೈದ್ಯರೊಬ್ಬರ ಮೇಜಿನ ಮೇಲೆ ಹಳೆಯ ಹಾರ್ಲಿಕ್ಸ್ ಬಾಟಲಿ ಇದೆ. ಅದರ ತುಂಬ ಹುಣಸೆ ಬೀಜ, ಭತ್ತದ ಕಾಳು, ಅರ್ಧ ಹೋಳು ಶೇಂಗಾ, ಬಳಪದ ಚೂರು, ದಿಂಬಿನ ಸ್ಪಂಜು, ಕಿವಿಯೋಲೆಯ ತಿರುಪು, ಬಣ್ಣದ ಮಣಿಗಳು. ತಳದಲ್ಲಿ ಜೀನ್ಸ್ ಪ್ಯಾಂಟಿಗೆ ಹೊಡೆಯುವ ರಿವೆಟ್ಟುಗಳೂ ಇವೆ. ಓಣಿ ಓಣಿಯಲ್ಲಿ ಜೀನ್ಸ್ ಹೊಲಿಯುವ ಊರಲ್ಲವೇ ಇದು! ಎಲ್ಲವೂ ಮಕ್ಕಳ ಮೂಗು, ಕಿವಿಗಳಿಂದ ಹೊರಬಂದ ಸಾಮಾನು. ನಾನು ಹೋದದ್ದು ಬೇಸಿಗೆಯಲ್ಲಿ ಮೂಗಿನಿಂದ ರಕ್ತ ಸೋರುವುದರ ಬಗ್ಗೆ ಕೇಳಲಿಕ್ಕೆ. ಬಾಟಲಿ ಕಂಡ ಮೇಲೆ ಆ ಪ್ರಶ್ನೆಗಳೆಲ್ಲ ಹಿಂದೆ ಸರಿದವು.

ಡಾಕ್ಟರು ಬಾಟಲಿಯನ್ನು ಸ್ಟೀಲ್ ತಟ್ಟೆಗೆ ಸುರಿದು ಒಂದೊಂದನ್ನೇ ಚಿಮಟದಿಂದ ಎತ್ತಿ ತೋರಿಸಿದರು. ಇದು ಸಿರುಗುಪ್ಪದ್ದು, ಇದು ತೆಕ್ಕಲಕೋಟೆಯದು, ಈ ರಿವೆಟ್ಟು ಇಲ್ಲೇ ಕೌಲ್ ಬಜಾರಿನದು. ಮಕ್ಕಳ ಹೆಸರು ಅವರ ಬಾಯಿಂದ ಬರಲಿಲ್ಲ, ಊರು ಮಾತ್ರ ಬಂತು. ಅಷ್ಟರಲ್ಲೇ ಕುರುಗೋಡು ಕಡೆಯ ತಾಯಿಯೊಬ್ಬಳು ಮೂರು ವರ್ಷದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಒಳಗೆ ಬಂದಳು. ಮಗುವಿನ ಒಂದು ಹೊಳ್ಳೆ ಕೆಂಪಾಗಿ ಊದಿತ್ತು.

“ಏನಾತಮ್ಮಾ?”

“ಮೂಗಿನಾಗ ಹುಣಸೆ ಬೀಜ ಹಾಕ್ಕೊಂಡಾನ್ರೀ ಸಾರ್. ನಿನ್ನೆ ಸಂಜೀಕೇ. ತೆಗ್ಯಾಕ ಹೋದ್ರ ಇನ್ನೂ ಒಳಗ ಹೋತು.”

“ನೀರು ಗೀರು ಹಾಕಿದ್ರೇನು?”

“ಇಲ್ರೀ.”

“ಚಲೋ ಆತು.”

ಕಾಳು, ಬೀಜಗಳು ನೀರು ಕುಡಿದರೆ ಉಬ್ಬುತ್ತವೆ. ಹೊಳ್ಳೆಯಲ್ಲಿ ಸಡಿಲವಾಗಿ ಕೂತಿದ್ದ ಕಡಲೆ ಮರುದಿನಕ್ಕೆ ಬಿಗಿದು ನಿಲ್ಲುತ್ತದೆ. ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕಿದರಂತೂ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. ಡಾಕ್ಟರು ಕೊಕ್ಕೆ ಹಿಡಿಯುತ್ತಾರೆಂದು ಕಾಯುತ್ತಿದ್ದೆ. ಅವರು ಹಿಡಿಯಲಿಲ್ಲ, ತಾಯಿಗೇ ಕೆಲಸ ಹೇಳಿದರು. ಮಗನ ಬಾಯಿ ತೆರೆಸಿ, ಅದರ ಮೇಲೆ ತನ್ನ ಬಾಯಿ ಗಾಳಿ ಸೋರದಂತೆ ಇಡಬೇಕು. ಸರಿಯಿರುವ ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಮುಚ್ಚಬೇಕು. ಮೊದಲು ಮೆಲ್ಲಗೆ ಊದಿ, ತಡೆ ಸಿಕ್ಕಿತು ಅನ್ನಿಸಿದ ಕೂಡಲೇ ಒಮ್ಮೆ ಜೋರಾಗಿ ಊದಿಬಿಡಬೇಕು. ಮೊದಲ ಸಲ ಮಗು ಕೊಸರಾಡಿತು. ಎರಡನೆಯ ಸಲ ಬೀಜ ಸಿಂಬಳದ ಸಮೇತ ತಾಯಿಯ ಕೆನ್ನೆಗೆ ಬಂದು ಅಂಟಿತು. ಆ ಹೆಂಗಸು ಸೆರಗಿನಿಂದ ಕೆನ್ನೆ ಒರೆಸಿಕೊಂಡು ಅಳುತ್ತ ನಕ್ಕಳು. ಆ ಖುಷಿ ನನ್ನಲ್ಲಿ ಇನ್ನೂ ಇದೆ.

ಈ ಉಪಾಯ ನಮ್ಮ ಅಜ್ಜಿಯರದ್ದಿರಬೇಕು ಎಂದುಕೊಂಡಿದ್ದೆ. ವೈದ್ಯಕೀಯ ಬರಹಗಳಲ್ಲಿ ಇದನ್ನು ಮೊದಲು ವಿವರಿಸಿದ ಶ್ರೇಯ 1965ರಲ್ಲಿ ನ್ಯೂಜೆರ್ಸಿಯ ಸಾಮಾನ್ಯ ವೈದ್ಯರೊಬ್ಬರಿಗೆ ಸಲ್ಲುತ್ತದೆ. 2012ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯೊಂದು ಆವರೆಗಿನ ವರದಿಗಳನ್ನು ಒಟ್ಟುಹಾಕಿ ನೋಡಿದಾಗ, ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ಆರು ಮಕ್ಕಳಿಗೆ ಇದು ಫಲಿಸಿತ್ತು. ಫಲಿಸದಿದ್ದರೂ ವಸ್ತು ತುಸು ಮುಂದಕ್ಕೆ ಬಂದು ವೈದ್ಯರ ಕೈಗೆ ಸಿಗುವಂತಾಗುವುದುಂಟು. ಅರಿವಳಿಕೆ ಬೇಡ, ಮಗುವನ್ನು ನಾಲ್ಕು ಜನ ಅಮುಕಿ ಹಿಡಿಯುವುದೂ ಬೇಡ. ಪ್ರತಿ ಅಂಗನವಾಡಿಯ ಗೋಡೆಯ ಮೇಲೂ ಇದರ ಚಿತ್ರ ಇರಬೇಕು ಎನ್ನುತ್ತೇನೆ ನಾನು.

ಬಾಟಲಿಯ ಮಾತು ಇನ್ನಷ್ಟಿದೆ. ಫಿಲಡೆಲ್ಫಿಯಾದಲ್ಲಿ ಶೆವಲಿಯರ್ ಜಾಕ್ಸನ್ (1865–1958) ಎಂಬ ಗಂಟಲು ವೈದ್ಯರಿದ್ದರು. ಜನ ನುಂಗಿದ, ಉಸಿರಿನೊಡನೆ ಎಳೆದುಕೊಂಡ ವಸ್ತುಗಳನ್ನು ಹೊರತೆಗೆದು, ಪ್ರತಿಯೊಂದರ ವಿವರ ಬರೆದು ಕಾಪಾಡಿದರು. ಪಿನ್ನು, ಗುಂಡಿ, ಎಲುಬು, ಆಟಿಕೆ ಎಲ್ಲ ಸೇರಿ ಒಟ್ಟು 2,374. ಅಲ್ಲಿನ ಮುಟರ್ ಮ್ಯೂಸಿಯಮ್ಮಿನ ಡ್ರಾಯರುಗಳಲ್ಲಿ ಅವು ಇಂದಿಗೂ ಇವೆ. ಶೇಂಗಾದ ಬಗ್ಗೆ ಅವರು ಹೇಳಿದ್ದನ್ನು ನಮ್ಮ ಸೀಮೆಯವರು ಕೇಳಲೇಬೇಕು. ಶ್ವಾಸನಾಳಕ್ಕೆ ಇಳಿದ ಶೇಂಗಾ ದಾರಿ ಕಟ್ಟುವುದಷ್ಟೇ ಅಲ್ಲ, ಅದರ ಎಣ್ಣೆ ಒಳಪದರವನ್ನು ಕೆರಳಿಸಿ ಊತ, ಜ್ವರ, ಕೀವು ತರುತ್ತದೆ. ವಾರಗಟ್ಟಲೆ ಕೆಮ್ಮುವ ಮಗುವಿಗೆ ನ್ಯುಮೋನಿಯಾ ಔಷಧಿ ಕೊಡುತ್ತಲೇ ಇರುತ್ತಾರೆ, ಕಾರಣ ಒಂದು ಹೋಳು ಶೇಂಗಾ ಆಗಿರುತ್ತದೆ. ಜಾಕ್ಸನ್ ಬರೀ ಸಂಗ್ರಹಕಾರರಲ್ಲ. ಮಕ್ಕಳು ಕಾಸ್ಟಿಕ್ ಸೋಡಾ ಕುಡಿದು ಅನ್ನನಾಳ ಸುಟ್ಟುಕೊಂಡು ಬರುವುದನ್ನು ನೋಡಿ ನೋಡಿ, ಅಂಥ ಡಬ್ಬಿಗಳ ಮೇಲೆ ವಿಷದ ಎಚ್ಚರಿಕೆ ಕಡ್ಡಾಯವಾಗಬೇಕೆಂದು ಹೋರಾಡಿದರು. 1927ರಲ್ಲಿ ಅಮೆರಿಕ ಕಾನೂನು ಮಾಡಿತು.

ಅಮೆರಿಕದ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ‘ಎಮರ್ಜೆನ್ಸಿಗೆ ಬಂದವರ ವಿಚಿತ್ರ ಕಾರಣಗಳು’ ಎಂಬ ನಗೆಪಟ್ಟಿಗಳು ವರ್ಷಕ್ಕೊಮ್ಮೆ ಎಲ್ಲೆಡೆ ಓಡಾಡುತ್ತವೆ. ಅವುಗಳಲ್ಲಿ ಹಲವಕ್ಕೆ ಮೂಲ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ದಾಖಲೆ. ಸುಮಾರು ನೂರು ಆಸ್ಪತ್ರೆಗಳಿಂದ ಪ್ರತಿ ಗಾಯಕ್ಕೂ ಒಂದೆರಡು ಸಾಲಿನ ಟಿಪ್ಪಣಿ 1970ರ ದಶಕದಿಂದ ಸೇರುತ್ತ ಬಂದಿದೆ. ಯಾವ ಆಟಿಕೆ, ಯಾವ ಬ್ಯಾಟರಿ ಮಕ್ಕಳಿಗೆ ಅಪಾಯ ಎಂದು ಕಂಡುಹಿಡಿಯಲು ಮಾಡಿದ ವ್ಯವಸ್ಥೆ ಅದು. ನೋವಿನಿಂದ ಬಂದವರ ಸಾಲುಗಳನ್ನು ಕಿತ್ತು ನಗೆಹನಿ ಮಾಡುವುದು ನನಗೆ ಸರಿಬರುವುದಿಲ್ಲ. ಗಡಿಯಾರದ ಗುಂಡಿ ಬ್ಯಾಟರಿ ಮಗುವಿನ ಮೂಗಿನಲ್ಲೋ ಅನ್ನನಾಳದಲ್ಲೋ ಸಿಕ್ಕಿಕೊಂಡರೆ, ಒದ್ದೆ ಒಳಪದರಕ್ಕೆ ಕರೆಂಟು ಹರಿದು ಎರಡೇ ಗಂಟೆಯಲ್ಲಿ ಸುಟ್ಟ ಗಾಯವಾಗಬಹುದು. ಮೇಲ್ನೋಟಕ್ಕೆ ಅದೂ ಹುಣಸೆ ಬೀಜದಷ್ಟೇ ಪುಟ್ಟ ವಿಷಯ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಸೋರಿದರೆ ಒಳಗೆ ಏನೋ ಇದೆ ಎಂದೇ ಹಿಡಿಯಬೇಕು ಎಂದರು ಡಾಕ್ಟರು. ನೆಗಡಿಯೆಂದು ತಿಂಗಳುಗಟ್ಟಲೆ ಸಿರಪ್ ಕುಡಿಸಿ, ಕೊನೆಗೆ ಸ್ಪಂಜಿನ ಚೂರು ತೆಗೆಸಿಕೊಂಡು ಹೋದವರಿದ್ದಾರೆ.

ರಕ್ತ ಸೋರುವ ಮೂಗಿಗೂ ಉತ್ತರ ಸಿಕ್ಕಿತು. ಬಳ್ಳಾರಿಯ ಏಪ್ರಿಲ್, ಮೇ ತಿಂಗಳ ಒಣಗಾಳಿಗೆ ಒಳಪದರ ಒಣಗಿ ಬಿರಿಯುತ್ತದೆ, ಬೆರಳು ಹಾಕಿದರೆ ರಕ್ತ. ತಲೆ ಹಿಂದಕ್ಕೆ ಚಾಚದೆ ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿಹಿಡಿದರೆ ಬಹುಪಾಲು ನಿಲ್ಲುತ್ತದೆ. ನಿಲ್ಲದಿದ್ದರೆ ಆಸ್ಪತ್ರೆ. ಮೂಗಿಗೆ ಬೆರಳು ಹಾಕುವುದರ ಬಗ್ಗೆ ಜಗತ್ತಿನ ಗಮನ ಸೆಳೆದ ಅಧ್ಯಯನವೊಂದು ನಮ್ಮದೇ. ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾದೆ ಮತ್ತು ಬಿ.ಎಸ್. ಶ್ರೀಹರಿ ಬೆಂಗಳೂರಿನ ಶಾಲೆಗಳ 200 ಹದಿಹರೆಯದವರನ್ನು ಕೇಳಿದರು. ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡರು. ದಿನಕ್ಕೆ ನಾಲ್ಕು ಸಲ ಎಂಬುದು ನಡುವಿನ ಲೆಕ್ಕ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ 2001ರಲ್ಲಿ ಆ ಕೆಲಸಕ್ಕೆ ಬಂತು. ಗೀಳಿನ ಗಡಿ ಎಲ್ಲಿ ಶುರುವಾಗುತ್ತದೆ ಎಂಬುದು ಮನೋವೈದ್ಯರಿಗೆ ನಿಜವಾಗಿ ಬೇಕಾದ ವಿಷಯ.

ಗೀಳೂ ಕಾಯಿಲೆಯೂ ಎಷ್ಟು ದೂರ ಒಯ್ಯಬಲ್ಲವು ಎಂಬುದಕ್ಕೆ 2022ರ ನವೆಂಬರಿನ ಸುದ್ದಿ ನೆನಪಿರಬಹುದು. ಸಿರುಗುಪ್ಪದ ಪಕ್ಕದ ರಾಯಚೂರು ಜಿಲ್ಲೆಯ ಲಿಂಗಸುಗೂರಿನ 58ರ ಹಿರಿಯರೊಬ್ಬರು ಹೊಟ್ಟೆನೋವೆಂದು ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಗೆ ಹೋದರು. ಹೊಟ್ಟೆಯಿಂದ ಹೊರಬಂದದ್ದು 187 ನಾಣ್ಯ. ಐದರವು 56, ಎರಡರವು 51, ಒಂದರವು 80. ಒಟ್ಟು 462 ರೂಪಾಯಿ. ಪತ್ರಿಕೆಗಳು ರೂಪಾಯಿ ಎಣಿಸಿದವು. ಅವರಿಗೆ ಸ್ಕಿಜೋಫ್ರೇನಿಯಾ ಇತ್ತು ಎಂಬುದು ಸುದ್ದಿಯ ಕೆಳಗಿನ ಸಾಲಿಗೆ ಸರಿಯಿತು.

ಹೀಗೆ ಸಣ್ಣದು ದೊಡ್ಡದು ಎನ್ನದೆ ಜನ ಓಡಿಬರುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 1961ರಲ್ಲಿ. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ವಿಮ್ಸ್. ಆಂಧ್ರದ ಗಡಿ ಊರುಗಳವರಿಗೂ ಅದೇ ದೊಡ್ಡಾಸ್ಪತ್ರೆ. 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ, ಜೀವ ಉಳಿಸುವುದೇ ಮೊದಲು, ಪೊಲೀಸ್ ಕಾಗದ ಆಮೇಲೆ ಎಂದು ಸುಪ್ರೀಂ ಕೋರ್ಟ್ ಹೇಳಿತು. 2008ರ ನವೆಂಬರ್ 1ರಂದು ರಾಜ್ಯಕ್ಕೆ 108 ಆಂಬುಲೆನ್ಸ್ ಬಂತು. ರಾತ್ರಿ ಬಸ್ಸಿಲ್ಲದ ಹಳ್ಳಿಯವರಿಗೆ ಕ್ಯಾಜುವಾಲ್ಟಿ ಎಂಬುದು ತಲುಪಬಹುದಾದ ಜಾಗವಾಯಿತು. ಹಗಲು ಕೂಲಿ ಬಿಡಲಾಗದವರಿಗೆ ಓಪಿಡಿಯ ಹೊತ್ತು ಆಗಿಬರುವುದಿಲ್ಲ. ‘ಸಣ್ಣದಕ್ಕೆಲ್ಲ ರಾತ್ರಿ ಬರ್ತಾರೆ’ ಎಂಬ ದೂರಿನ ಹಿಂದೆ ಇದೂ ಇದೆ.

ಕುರುಗೋಡಿನ ಹೊಲಗಳಲ್ಲಿ ಮೆಣಸಿನಕಾಯಿ ಕೆಂಪಾಗುವ ಕಾಲದಲ್ಲಿ ಕೈ ಉರಿ ಎಂದು ಬರುವ ಹೆಣ್ಣಾಳುಗಳ ಕಥೆಯೂ ಹೀಗೆಯೇ. ದಿನವಿಡೀ ಕಾಯಿ ಬಿಡಿಸಿ, ತೊಟ್ಟು ಮುರಿದ ಕೈ ಸಂಜೆಗೆ ಉರಿಯತೊಡಗುತ್ತದೆ, ರಾತ್ರಿ ನಿದ್ದೆ ಕೊಡುವುದಿಲ್ಲ. ಗಾಯ ಕಾಣುವುದಿಲ್ಲ, ಊತ ಇರುವುದಿಲ್ಲ. ಹೊಸ ಡ್ಯೂಟಿ ಡಾಕ್ಟರಿಗೆ ನಂಬುವುದೇ ಕಷ್ಟ. ಖಾರದ ಕ್ಯಾಪ್ಸೈಸಿನ್ ಚರ್ಮದೊಳಗೆ ಇಳಿದು, ಬಿಸಿ ತಾಗಿದಾಗ ಎಚ್ಚೆತ್ತುಕೊಳ್ಳುವ ನರದ ತುದಿಗಳನ್ನೇ ಕೆಣಕುತ್ತದೆ. ಸುಡದೆಯೇ ಸುಟ್ಟ ನೋವು. ಬ್ಯಾಡಗಿ ಕಾಯಿಗಿಂತ ಗುಂಟೂರು ತಳಿಗೆ ಉರಿ ಹೆಚ್ಚು. 1981ರಲ್ಲಿ ಚೀನೀ ಅಡುಗೆಗೆ ಮೆಣಸಿನಕಾಯಿ ಹೆಚ್ಚಿದವರ ಇಂಥದೇ ಕೈ ಉರಿ ಅಮೆರಿಕದ ಹೆಸರಾಂತ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ತಣ್ಣೀರಿನಿಂದ ಆ ಗಳಿಗೆಗೆ ಹಿತ, ಆದರೆ ಕ್ಯಾಪ್ಸೈಸಿನ್ ಕರಗುವುದು ಎಣ್ಣೆಯಲ್ಲಿ. ಅಡುಗೆ ಎಣ್ಣೆ ಸವರಿ, ಒರೆಸಿ, ಸೋಪಿನಿಂದ ತೊಳೆಯುವುದು ಮೇಲು. ಅದೇ ಕೈಯಿಂದ ಕಣ್ಣುಜ್ಜಿಕೊಂಡವರು, ಮಗುವಿಗೆ ಹಾಲೂಡಿಸಿದವರು ಬಂದಾಗ ಅದನ್ನು ಕ್ಷುಲ್ಲಕ ಎನ್ನಲು ಯಾರಿಗೂ ಬಾಯಿ ಬರಬಾರದು.

ಹೆದರಿಕೆಯಿಂದ ಬರುವವರೂ ಇದ್ದಾರೆ. ರಾತ್ರಿ ಮಿರ್ಚಿ, ಒಗ್ಗರಣೆ ತಿಂದು ಎದೆಯುರಿ ಶುರುವಾದರೆ ಹಾರ್ಟ್ ಅಟ್ಯಾಕ್ ಎಂದೇ ಓಡಿಬರುತ್ತಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ಗ್ಯಾಸೋ ಹೃದಯವೋ ಎಂಬುದನ್ನು ಇಸಿಜಿ ತೆಗೆಯದೆ ವೈದ್ಯರೇ ಹೇಳಲಾರರು, ಇನ್ನು ರೋಗಿ ಮನೆಯಲ್ಲಿ ಕೂತು ತೀರ್ಮಾನಿಸುವುದು ಹೇಗೆ?

ಸಿರುಗುಪ್ಪದ್ದು ಭತ್ತದ ಕಥೆ. ತುಂಗಭದ್ರಾ ಕಾಲುವೆ ನೀರಿನ ಈ ತಾಲ್ಲೂಕಿನಲ್ಲಿ ಒಕ್ಕಣೆಯ ಹೊತ್ತಿಗೆ ಕಣ್ಣಿಗೆ ಹೊಟ್ಟು ಬಿತ್ತು, ಗರಿ ಬಡಿಯಿತು ಎಂದು ಬರುವವರಿಗೆ ಲೆಕ್ಕವಿಲ್ಲ. ಕಣ್ಣಿನ ಕಸವನ್ನು ನಾಲಿಗೆಯಿಂದ ತೆಗೆಯುವ ಹಿರಿಯ ಹೆಂಗಸರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಅಕ್ಕರೆ ದೊಡ್ಡದು, ಆದರೆ ಬಾಯಿಯ ಕ್ರಿಮಿ ಗೀರಿದ ಕಣ್ಣಿಗೆ ಒಳ್ಳೆಯದಲ್ಲ. ಭತ್ತದ ಗರಿಯ ಜೊತೆ ಹೊಲದ ಶಿಲೀಂಧ್ರವೂ ಕಣ್ಣಿಗೆ ಇಳಿಯುತ್ತದೆ. ದಕ್ಷಿಣ ಭಾರತದಲ್ಲಿ ಕರಿಗುಡ್ಡೆಯ ಹುಣ್ಣುಗಳ ದೊಡ್ಡ ಪಾಲು ಹೀಗೆ ಶಿಲೀಂಧ್ರದಿಂದ ಆಗುವಂಥದು. ಆಸ್ಪತ್ರೆಯಲ್ಲಿ ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟರೆ, ಗೀರಿದ ಜಾಗ ಹಸಿರಾಗಿ ಹೊಳೆಯುತ್ತದೆ. ಬರಿಗಣ್ಣಿಗೆ ಅದು ಕಾಣುವಂಥದಲ್ಲ. ಮೊದಲ ದಿನವೇ ಬಂದವರಿಗೆ ಹನಿ ಔಷಧಿಯಲ್ಲಿ ಗುಣವಾಗಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟಿರಾಯ್ಡ್ ಹನಿ ಹಾಕಿಕೊಂಡವರಿಗೆ ಕೆಂಪು ಇಳಿದು ಹಿತವೆನಿಸುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತದೆ. ಅಂಥವರು ಎರಡು ಮೂರು ವಾರ ಬಿಟ್ಟು ಬಂದಾಗ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಎದ್ದಿರುತ್ತದೆ. ಆಮೇಲೆ ನ್ಯಾಟಮೈಸಿನ್ ಹನಿಯನ್ನು ಗಂಟೆಗೊಮ್ಮೆ ಹಾಕುತ್ತ ವಾರಗಟ್ಟಲೆ ಕಾಯಬೇಕು, ಕೆಲವರಿಗೆ ಕರಿಗುಡ್ಡೆಯ ಕಸಿಯೇ ಗತಿ.