ಎಲೆ ಅಲುಗದ ಬೆಳಗು ಮತ್ತು ಔಷಧ ಸಿಂಪರಣೆ

ಔಷಧ ಹೊಡೆಯಲು ಗಾಳಿಯಿಲ್ಲದ ಮುಂಜಾನೆಯೇ ತಕ್ಕ ಹೊತ್ತೆಂಬ ನಂಬಿಕೆ ನಮ್ಮ ಬೆಳೆಗಾರರಲ್ಲಿ ಬೇರೂರಿದೆ. ಜೋರು ಗಾಳಿಯಲ್ಲಿ ಹೊಡೆಯಬಾರದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೋಡವಿಲ್ಲದ ಚಳಿಗಾಲದ ರಾತ್ರಿ ಕಳೆದು, ಎಲೆಯೂ ಅಲುಗದೆ ನಿಂತ ಬೆಳಗನ್ನು ಕ್ಷೇಮವೆಂದು ನಾವು ಹೇಳಲಾರೆವು.

ಹಗಲು ಬಿಸಿಲಿಗೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಅದು ಹಗುರಾಗಿ ಏಳುತ್ತದೆ, ಮೇಲಿನದು ಇಳಿಯುತ್ತದೆ; ಮಜ್ಜಿಗೆ ಕಡೆದಂತೆ ಎಲ್ಲವೂ ಸುಳಿಸುಳಿಯಾಗಿ ಬೆರೆಯುತ್ತದೆ. ರಾತ್ರಿ ನೆಲ ತಣಿದಾಗ ಅದಕ್ಕೆ ತಾಗಿದ ಗಾಳಿಯೂ ತಣಿದು, ಭಾರವಾಗಿ ಕೆಳಗೇ ಕೂರುತ್ತದೆ. ಮೇಲಿನ ಬೆಚ್ಚನೆಯ ಗಾಳಿ ಅದಕ್ಕೆ ಮುಚ್ಚಳ. ಕಡೆಗೋಲು ನಿಂತಿತೆಂದೇ ಲೆಕ್ಕ. ಆಗ ಸಿಂಪಡಿಸಿದರೆ ದಪ್ಪ ಹನಿಗಳು ಎಲೆಗೆ ಬೀಳುತ್ತವೆ. ಮಂಜಿನಂಥ ಸಣ್ಣ ಹನಿಗಳು ಮಾತ್ರ ಬೀಳವು, ಮೇಲೇರವು, ಚದುರವು. ತಂಪುಗಾಳಿ ನೀರಿನಂತೆ ಇಳಿಜಾರು ಹಿಡಿಯುವುದರಿಂದ, ಗುಡ್ಡದ ಕಾಫಿಗೆ ಹೊಡೆದದ್ದು ಕೆಳಗಿನ ಹಳ್ಳಕ್ಕೋ ಜೇನುಪೆಟ್ಟಿಗೆಗೋ ಕಾರ್ಮಿಕರ ಲೈನಿಗೋ ತಲಪಬಹುದು.

ಗಾಳಿ ಬೆರೆಯುವುದನ್ನು ಅಳೆದು ನೋಡಿದವರೂ ಉಂಟು. ಟೈಟಾನಿಕ್ ಮುಳುಗಿದ ಮರುವರ್ಷ, 1913ರಲ್ಲಿ, ಹಿಮಗಡ್ಡೆಗಳ ಕಾವಲಿಗೆ ಹೊರಟ ‘ಸ್ಕೋಷಿಯಾ’ ಹಡಗಿನಿಂದ ಜಿ. ಐ. ಟೇಲರ್ ಎಂಬ ಇಂಗ್ಲಿಷ್ ವಿಜ್ಞಾನಿ ಗಾಳಿಪಟಗಳನ್ನು ಹಾರಿಸಿ, ಮೇಲಿನ ಗಾಳಿಯ ಉಷ್ಣತೆ ಅಳೆದರು. ಸುಳಿಗಳು ಶಾಖವನ್ನು ಎಷ್ಟು ಬೇಗ ಸಾಗಿಸುತ್ತವೆಂದು ಅದರಿಂದ ಲೆಕ್ಕ ಹಾಕಿದರು. ನಮಗೆ ಹೆಚ್ಚು ಹತ್ತಿರದ್ದು 1956ರ ಬೇಸಿಗೆಯಲ್ಲಿ ಅಮೆರಿಕದ ನೆಬ್ರಾಸ್ಕದ ಹುಲ್ಲುಗಾವಲಿನಲ್ಲಿ ನಡೆದ ಪ್ರಯೋಗ. ಗಂಧಕ ಉರಿಸಿದಾಗ ಮೂಗಿಗೆ ಅಡರುವ ಅದೇ ಅನಿಲವನ್ನು ನೆಲದ ಸಮೀಪ ಬಿಟ್ಟು, 50 ಮೀಟರಿನಿಂದ 800 ಮೀಟರಿನವರೆಗೆ ಐದು ಕಮಾನುಗಳಲ್ಲಿ ಅದನ್ನು ಹಿಡಿದು ಅಳೆದರು. ಹಗಲೂ ಬಿಟ್ಟರು, ರಾತ್ರಿಯೂ ಬಿಟ್ಟರು. ನಿಶ್ಚಲ ರಾತ್ರಿಗಳಲ್ಲಿ ಕೊನೆಯ ಕಮಾನಿನಲ್ಲೂ ಬಿಸಿಲ ಹೊತ್ತಿಗಿಂತ ಹಲವು ಪಟ್ಟು ಹೆಚ್ಚು ಅನಿಲ ಸಿಕ್ಕಿತು.

ಈಗ ಈ ಕೆಲಸಕ್ಕೆ ಧ್ವನಿಯಿಂದ ಗಾಳಿ ಅಳೆಯುವ ಉಪಕರಣವಿದೆ. ಗಾಳಿಯ ಜೊತೆ ಸಾಗುವ ಶಬ್ದ ಬೇಗ ತಲಪುತ್ತದೆ, ಎದುರಾಗಿ ಸಾಗುವುದು ತಡವಾಗುತ್ತದೆ. ಆ ವ್ಯತ್ಯಾಸದಿಂದ ಗಾಳಿಯ ಏರಿಳಿತವನ್ನು ಸೆಕೆಂಡಿಗೆ ಹತ್ತಾರು ಬಾರಿ ಗುರುತಿಸಬಹುದು. 1990ರ ಮುಂಗಾರಿನಲ್ಲಿ ಜೋಧಪುರ, ದೆಹಲಿ, ವಾರಾಣಸಿ, ಖರಗಪುರಗಳಲ್ಲಿ 30 ಮೀಟರಿನ ಗೋಪುರಗಳನ್ನು ನಿಲ್ಲಿಸಿ ಇಂಥ ಅಳತೆ ನಡೆದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿತ್ತು.

ಸಣ್ಣ ಹಿಡುವಳಿದಾರನಿಗೆ ಗೋಪುರ ಬೇಡ, ಹಸಿಸೊಪ್ಪಿನ ಹೊಗೆ ಸಾಕು. ತೋಟದ ತೆರವಾದ ಅಂಚಿನಲ್ಲಿ ಸ್ವಲ್ಪ ಹೊಗೆ ಹಾಕಿ ನೋಡಿ. ಆಳೆತ್ತರ ಏರಿ, ಪಟ್ಟಿಯಂತೆ ಚಪ್ಪಟೆಯಾಗಿ ತೇಲಿದರೆ ಪಂಪನ್ನು ಕೆಳಗಿಡಬೇಕು. ಕೆಲಸದವರ ಕೂಲಿ ಓಡುತ್ತಿದೆಯೆಂಬ ಆತುರ ನಮಗೆ ಗೊತ್ತಿಲ್ಲದ್ದಲ್ಲ, ಆದರೂ ಇಡಬೇಕು. ಇಬ್ಬನಿ ಆರಿ, ಹೊಗೆ ಒಡೆದು ಮೇಲೇರಿ ಹರಡತೊಡಗಿದ ಮೇಲೆ, ಮನೆ-ಹಳ್ಳಗಳ ಕಡೆಗಲ್ಲದ ಮಂದಗಾಳಿ ನೋಡಿ ಆರಂಭಿಸಬಹುದು. ಸಂಜೆಯೂ ಆಕಾಶ ಶುಭ್ರವಾಗಿದ್ದರೆ ಸೂರ್ಯ ಮುಳುಗುವ ಮೊದಲೇ ಗಾಳಿ ಮತ್ತೆ ಕೂರತೊಡಗುತ್ತದೆ. ನಳಿಕೆಯ ಹನಿ ತೀರ ನವಿರಾಗದಂತೆ ಒತ್ತಡ ತಗ್ಗಿಸಿಕೊಳ್ಳುವುದೂ ಒಳ್ಳೆಯದು.

ಕೊಳೆರೋಗಕ್ಕೆ ಮಳೆಗಾಲದಲ್ಲಿ ಹೊಡೆಯುವ ಬೋರ್ಡೋಗೆ ಈ ಮಾತು ಅಷ್ಟಾಗಿ ಅನ್ವಯಿಸದು. ಮೋಡ ಮುಚ್ಚಿ ಗಾಳಿಯಾಡುತ್ತಿರುವಾಗ ಇಂಥ ಮುಚ್ಚಳ ಅಪರೂಪ. ಅಲ್ಲಿ ನೋಡಬೇಕಾದದ್ದು ಮಳೆಯ ಬಿಡುವನ್ನು.